ಬೇಲಾ ಲುಗೋಸಿ: ವೇಷವು ನುಂಗಿದ ನಟ

ಅಮೆರಿಕದ ದಿನಸಿ ಅಂಗಡಿಗಳಲ್ಲಿ ವರ್ಷದ ಒಂದು ಋತುವಿನಲ್ಲಿ ಮಾತ್ರ ಕಾಣಿಸಿಕೊಂಡು ಮರೆಯಾಗುವ ತಿನಿಸೊಂದುಂಟು. ಅಕ್ಟೋಬರ್ ೩೧ ಅಲ್ಲಿ ಹ್ಯಾಲೊವೀನ್ ಹಬ್ಬ. ಮಕ್ಕಳು ಭೂತಪ್ರೇತಗಳ ವೇಷ ತೊಟ್ಟು ಮನೆಮನೆಗೆ ಹೋಗಿ ಮಿಠಾಯಿ ಬೇಡುವ ದಿನ. ಬೇಸಗೆ ಕಳೆದು ಆ ಹಬ್ಬ ಸಮೀಪಿಸುತ್ತಿದ್ದಂತೆ ಜನರಲ್ ಮಿಲ್ಸ್ ಕಂಪನಿಯ ಬಣ್ಣಬಣ್ಣದ ಪೆಟ್ಟಿಗೆಗಳು ಅಂಗಡಿಗಳಿಗೆ ಬರುತ್ತವೆ. ಒಳಗಿರುವುದು ಬೆಳಗಿನ ಹೊತ್ತು ತಣ್ಣನೆಯ ಹಾಲಿಗೆ ಹಾಕಿಕೊಂಡು ತಿನ್ನುವ, ಸಕ್ಕರೆ ಬೆರೆತ ಧಾನ್ಯದ ತಿನಿಸು. ಅದರ ನಡುನಡುವೆ ಮಾರ್ಷ್‌ಮ್ಯಾಲೊ ಎಂಬ ಮೆತ್ತನೆಯ ಮಿಠಾಯಿಯ ಚೂರುಗಳು. ಹೊರಗಿರುವುದು ಒಂದು ರಾಕ್ಷಸನ ಚಿತ್ರ. ಇವುಗಳಲ್ಲಿ ಹೆಸರುವಾಸಿಯಾದುದು ಚಾಕೊಲೇಟಿನ ರುಚಿಯ ಕೌಂಟ್ ಚಾಕುಲಾ. ಎತ್ತರದ ಕೊರಳುಪಟ್ಟಿಯ ನಿಲುವಂಗಿ ತೊಟ್ಟು, ಮುಂದಿನ ಎರಡು ಹಲ್ಲುಗಳನ್ನು ಹೊರಚಾಚಿ ನಗುವ ಈ ಪ್ರಭುವನ್ನು ಕಂಡು ಹೆದರುವ ಮಗು ಜಗತ್ತಿನಲ್ಲಿ ಇರಲಾರದು.

ಈ ನಗೆಗೊಂಬೆಯ ಹಿಂದೆ ಒಬ್ಬ ಮನುಷ್ಯನಿದ್ದಾನೆ. ಒಂದು ಕಾಲದಲ್ಲಿ ಆತನು ರಂಗದ ಮೇಲೆ ಸುಮ್ಮನೆ ಕತ್ತು ಹೊರಳಿಸಿ ನೋಡಿದರೆ ಸಾಕು, ನಾಟಕಶಾಲೆ ನಿಶ್ಶಬ್ದವಾಗುತ್ತಿತ್ತು. ಆತನೇ ಬೇಲಾ ಲುಗೋಸಿ. ಭಯಾನಕ ರಸದ ಪ್ರತಿಮೆಯಂತಿದ್ದ ನಟನೊಬ್ಬನು ಮಕ್ಕಳ ಹಾಲಿನ ಬಟ್ಟಲಿನವರೆಗೆ ಇಳಿದು ಬಂದುದು ಹೇಗೆ? ಕಾಲೇಜಿನಲ್ಲಿ ವರ್ಷವರ್ಷವೂ ರಸಪ್ರಕರಣವನ್ನು ಬೋಧಿಸುವ ನನಗೆ ಈ ಪ್ರಶ್ನೆ ಕೇವಲ ಕುತೂಹಲದ್ದಲ್ಲ. ಭರತನು ಶೃಂಗಾರದ ಅನುಕರಣದಿಂದ ಹಾಸ್ಯವು ಹುಟ್ಟುತ್ತದೆಂದನು. ಅಭಿನವಗುಪ್ತನು ಅದನ್ನು ವಿಸ್ತರಿಸಿ, ಯಾವ ರಸದ ಆಭಾಸವಾದರೂ ಹಾಸ್ಯಕ್ಕೆ ಎಡೆಗೊಡುತ್ತದೆಂದು ತಿಳಿಸಿದನು. ಲುಗೋಸಿಯ ಬಾಳು ಈ ಮಾತಿಗೆ ಒಂದು ದೃಷ್ಟಾಂತ. ಆದರೆ ರಸವು ಆಭಾಸವಾಗುವಾಗ ಅದನ್ನು ಹೊತ್ತ ನಟನಿಗೆ ಏನಾಗುತ್ತದೆಂಬುದನ್ನು ಲಾಕ್ಷಣಿಕರು ಹೇಳಲಿಲ್ಲ. ಅದನ್ನು ತಿಳಿಯಬೇಕಾದರೆ ಚರಿತ್ರೆಯನ್ನೇ ನೋಡಬೇಕು.

ಬೇಲಾ ಬ್ಲಾಸ್ಕೋ ಹುಟ್ಟಿದ್ದು ೧೮೮೨ರ ಅಕ್ಟೋಬರ್ ೨೦ರಂದು, ಲುಗೋಸ್ ಎಂಬ ಪಟ್ಟಣದಲ್ಲಿ. ಅಂದು ಅದು ಹಂಗೆರಿಯ ರಾಜ್ಯಕ್ಕೆ ಸೇರಿತ್ತು. ಇಂದು ರುಮೇನಿಯಾಕ್ಕೆ ಸೇರಿ ಲುಗೋಜ್ ಎನಿಸಿಕೊಂಡಿದೆ. ತಂದೆ ಇಶ್ತ್ವಾನ್ ಮೊದಲು ರೊಟ್ಟಿಯ ಕಸುಬಿನವನಾಗಿದ್ದು ಅನಂತರ ಬ್ಯಾಂಕಿನ ವ್ಯವಹಾರಕ್ಕೆ ಬಂದವನು. ಮನೆತನ ರೋಮನ್ ಕ್ಯಾಥೊಲಿಕ್ ಮತದ್ದು; ನಾಲ್ವರು ಮಕ್ಕಳಲ್ಲಿ ಬೇಲಾ ಕಿರಿಯವನು. ಹುಡುಗನು ಹನ್ನೆರಡರ ಹರೆಯಕ್ಕೆ ಬರುವ ಹೊತ್ತಿಗೆ ಶಾಲೆಗೂ ಮನೆಗೂ ಬೆನ್ನು ಹಾಕಿದ್ದನು. ತಂದೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಗಣಿಯಲ್ಲಿ ದುಡಿದನು, ಯಂತ್ರಗಳ ಬಳಿ ಕೂಲಿ ಮಾಡಿದನು. ಆದರೆ ಮನಸ್ಸು ನೆಟ್ಟದ್ದು ರಂಗಭೂಮಿಯಲ್ಲಿ. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಊರೂರು ತಿರುಗುವ ನಾಟಕ ಕಂಪನಿಗಳನ್ನು ಸೇರಿ, ಗುಂಪಿನಲ್ಲಿ ನಿಂತು ಹಾಡುತ್ತ, ಸಣ್ಣಪುಟ್ಟ ವೇಷಗಳನ್ನು ಧರಿಸುತ್ತ ಮೇಲೆ ಬಂದನು. ಆಗ ಇಟ್ಟುಕೊಂಡ ಹೆಸರು ಲುಗೋಸಿ, ಎಂದರೆ ಲುಗೋಸಿನವನು. ಹುಟ್ಟಿದ ಊರನ್ನು ಹೆಸರಿಗೆ ಸೇರಿಸಿಕೊಳ್ಳುವ ಪದ್ಧತಿ ನಮ್ಮವರಿಗೆ ಅಪರಿಚಿತವಲ್ಲ. ಊರು ಬಿಟ್ಟವನು ಊರನ್ನು ಹೆಸರಿನಲ್ಲಾದರೂ ಉಳಿಸಿಕೊಂಡನು.

ಆತನ ಹಂಗೆರಿಯ ದಿನಗಳನ್ನು ವಾಚಕರು ಗಮನಿಸಬೇಕು. ರಕ್ತಪಿಪಾಸುವೆಂದು ಲೋಕಪ್ರಸಿದ್ಧನಾದ ಈತನು ತನ್ನ ನಾಡಿನಲ್ಲಿ ಷೇಕ್ಸ್‌ಪಿಯರನ ರೋಮಿಯೋ ಆಗಿದ್ದನು. ಯೇಸುಕ್ರಿಸ್ತನ ಪಾತ್ರವನ್ನೂ ಧರಿಸಿದ್ದನು. ೧೯೧೩ರಲ್ಲಿ ಬುಡಾಪೆಸ್ಟಿನ ರಾಷ್ಟ್ರೀಯ ರಂಗಮಂದಿರವನ್ನು ಸೇರಿದನು. ಅಲ್ಲಿ ದೊರೆತ ಪಾತ್ರಗಳು ಬಹುಮಟ್ಟಿಗೆ ಚಿಕ್ಕವೇ. ಆದರೂ ಆ ಮಂದಿರದ ಹೆಸರು ನಟನೊಬ್ಬನಿಗೆ ಕುಲಗೌರವವಿದ್ದಂತೆ. ಮರುವರ್ಷ ಮಹಾಯುದ್ಧ ಪ್ರಾರಂಭವಾಗಲು ಕಾಲಾಳುಪಡೆಯನ್ನು ಸೇರಿ ರಷ್ಯದ ರಣಾಂಗಣದಲ್ಲಿ ಗಾಯಗೊಂಡು ೧೯೧೬ರಲ್ಲಿ ಹಿಂದಿರುಗಿದನು.

೧೯೧೯ರಲ್ಲಿ ಹಂಗೆರಿಯಲ್ಲಿ ಕ್ರಾಂತಿಯಾಯಿತು. ಬೇಲಾ ಕುನ್‌ನ ನಾಯಕತ್ವದ ಕಮ್ಯುನಿಸ್ಟ್ ಸರಕಾರ ೧೩೩ ದಿನಗಳ ಕಾಲ ನಡೆಯಿತು. ಲುಗೋಸಿ ಆ ದಿನಗಳಲ್ಲಿ ನಟರ ಸಂಘವನ್ನು ಕಟ್ಟಲು ಮುಂದೆ ನಿಂತವನು. ದುಡಿಯುವ ನಟನಿಗೆ ತನ್ನ ದುಡಿಮೆಯ ಮೇಲೆ ಹಕ್ಕು ಇರಬೇಕೆಂಬುದು ಆತನ ನಿಲುವು. ಆತನ ಮುಂದಿನ ಬಾಳನ್ನು ಬಲ್ಲವರಿಗೆ ಇದು ಕ್ರೂರವಾದ ಭವಿಷ್ಯವಾಣಿಯಂತೆ ತೋರುತ್ತದೆ. ಸರಕಾರ ಬಿದ್ದೊಡನೆ ಅದರ ಪಕ್ಷಪಾತಿಗಳಿಗೆ ಹಂಗೆರಿಯಲ್ಲಿ ಉಳಿಗಾಲವಿರಲಿಲ್ಲ. ಲುಗೋಸಿ ವಿಯೆನ್ನಾಕ್ಕೂ ಅಲ್ಲಿಂದ ಬರ್ಲಿನ್ನಿಗೂ ಓಡಿದನು. ಬರ್ಲಿನ್ನಿನಲ್ಲಿ ಕೆಲವು ಮೂಕಚಿತ್ರಗಳಲ್ಲಿ ನಟಿಸಿದನು. ಅವುಗಳಲ್ಲೊಂದರ ನಿರ್ದೇಶಕನು ಎಫ್. ಡಬ್ಲ್ಯು. ಮುರ್ನೌ. ೧೯೨೦ರ ಕೊನೆಯಲ್ಲಿ ಹಡಗಿನ ಆಳಾಗಿ ದುಡಿಯುತ್ತ ಅಮೆರಿಕದ ನ್ಯೂ ಆರ್ಲಿಯನ್ಸ್ ಬಂದರಿನಲ್ಲಿ ಇಳಿದಾಗ ಆತನಿಗೆ ಮೂವತ್ತೆಂಟು ವರ್ಷ. ಆ ನಾಡಿನ ನುಡಿ ಆತನಿಗೆ ಬಾರದು. ನಟನಿಗೆ ನಾಲಗೆಯೇ ಬಂಡವಾಳ. ಆ ಬಂಡವಾಳವನ್ನು ತಾಯ್ನಾಡಿನಲ್ಲಿ ಬಿಟ್ಟು ಬಂದವನ ಸ್ಥಿತಿಯನ್ನು ಊಹಿಸಬಹುದು.

ಹೀಗಿದ್ದೂ ೧೯೨೨ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಆಂಗ್ಲ ನಾಟಕವೊಂದರಲ್ಲಿ ಪಾತ್ರವಹಿಸಿದನು. ಅರ್ಥಕ್ಕಿಂತ ಮೊದಲು ಧ್ವನಿಯನ್ನು ಹಿಡಿದು, ಅಕ್ಷರಅಕ್ಷರವಾಗಿ ಮಾತುಗಳನ್ನು ಬಾಯಿಪಾಠ ಮಾಡಿದನು. ಒಂದೊಂದು ಶಬ್ದವನ್ನೂ ತೂಗಿ, ತಡೆದು, ಎಳೆದು ನುಡಿಯುವ ಆತನ ರೀತಿಗೆ ಈ ಕಷ್ಟವೇ ಮೂಲವೆಂದು ನನ್ನ ಅಭಿಪ್ರಾಯ. ಕೊರತೆಯೇ ಶೈಲಿಯಾಯಿತು.

ಇನ್ನು ಡ್ರಾಕುಲನ ವಿಷಯ. ಐರಿಷ್ ಲೇಖಕ ಬ್ರಾಮ್ ಸ್ಟೋಕರನು ಆ ಕಾದಂಬರಿಯನ್ನು ಪ್ರಕಟಿಸಿದ್ದು ೧೮೯೭ರಲ್ಲಿ. ಅಲ್ಲಿಯ ಡ್ರಾಕುಲನು ನೀಳವಾದ ಬಿಳಿಯ ಮೀಸೆಯ ಮುದುಕ. ಅಂಗೈಯಲ್ಲಿ ರೋಮ, ಉಸಿರಿನಲ್ಲಿ ದುರ್ಗಂಧ. ಭಯಾನಕಕ್ಕಿಂತ ಬೀಭತ್ಸವೇ ಅವನಲ್ಲಿ ಮುಂದು. ೧೯೨೨ರಲ್ಲಿ ಮುರ್ನೌ ಈ ಕಥೆಯನ್ನು ಅಪ್ಪಣೆಯಿಲ್ಲದೆ ನೊಸ್ಫೆರಾಟು ಎಂಬ ಚಿತ್ರವಾಗಿ ತೆಗೆದಾಗ ಸ್ಟೋಕರನ ವಿಧವೆ ಫ್ಲಾರೆನ್ಸ್ ನ್ಯಾಯಾಲಯಕ್ಕೆ ಹೋದಳು. ೧೯೨೫ರಲ್ಲಿ ಚಿತ್ರದ ಪ್ರತಿಗಳನ್ನೆಲ್ಲ ನಾಶಮಾಡಬೇಕೆಂಬ ತೀರ್ಪಾಯಿತು. ಕೆಲವು ಪ್ರತಿಗಳು ಹೇಗೋ ಉಳಿದುಕೊಂಡವು. ಈ ನಡುವೆ ೧೯೨೪ರಲ್ಲಿ ಹ್ಯಾಮಿಲ್ಟನ್ ಡೀನ್ ಎಂಬ ನಟನು ವಿಧವೆಯ ಒಪ್ಪಿಗೆ ಪಡೆದು ಕಾದಂಬರಿಯನ್ನು ಇಂಗ್ಲೆಂಡಿನಲ್ಲಿ ನಾಟಕವಾಗಿಸಿದ್ದನು. ರಂಗದ ಮೇಲೆ ಡ್ರಾಕುಲನು ಸಂಜೆಯ ಔತಣದ ಉಡುಪಿನ ಸಭ್ಯ ಗೃಹಸ್ಥನಾದನು. ಮೇಲೆ ಕಪ್ಪು ನಿಲುವಂಗಿ. ಅದರ ಎತ್ತರದ ಕೊರಳುಪಟ್ಟಿ ಕೇವಲ ಅಲಂಕಾರವಲ್ಲ. ನಟನು ಪ್ರೇಕ್ಷಕರಿಗೆ ಬೆನ್ನು ತಿರುಗಿಸಿದಾಗ ತಲೆಯನ್ನು ಮರೆಮಾಡಿ, ನೆಲದ ಕಳ್ಳಬಾಗಿಲಿನಿಂದ ಆತನು ಇಳಿದುಹೋಗುವುದನ್ನು ಮುಚ್ಚಲು ಮಾಡಿದ ಉಪಾಯ ಅದು. ಇಂದು ತಿನಿಸಿನ ಪೆಟ್ಟಿಗೆಯ ಮೇಲೆ ಕಾಣುವ ಕೊರಳುಪಟ್ಟಿಯ ಹುಟ್ಟು ಇಲ್ಲಿದೆ.

ಈ ನಾಟಕವನ್ನು ಜಾನ್ ಬಾಲ್ಡರ್‌ಸ್ಟನ್ ಅಮೆರಿಕಕ್ಕಾಗಿ ತಿದ್ದಿ ಬರೆದನು. ೧೯೨೭ರ ಅಕ್ಟೋಬರ್ ೫ರಂದು ನ್ಯೂಯಾರ್ಕಿನ ಫುಲ್ಟನ್ ರಂಗಮಂದಿರದಲ್ಲಿ ತೆರೆ ಏರಿದಾಗ ಡ್ರಾಕುಲನಾಗಿ ನಿಂತವನು ಲುಗೋಸಿ. ಅಲ್ಲಿ ೨೬೧ ಪ್ರದರ್ಶನಗಳಾದವು. ಉಡುಪು ಡೀನ್‌ನದು, ಮಾತು ಬಾಲ್ಡರ್‌ಸ್ಟನ್ನನದು, ಕಥೆ ಸ್ಟೋಕರನದು. ಆದರೆ ಆ ಮಂದಗಮನ, ಆ ಬೆರಳುಗಳ ಚಲನೆ, ಆ ದಿಟ್ಟಿ, ಆ ಪರದೇಶಿ ನುಡಿ ಇವೆಲ್ಲ ಲುಗೋಸಿಯವೇ. ಆಂಗಿಕ, ವಾಚಿಕ, ಆಹಾರ್ಯ, ಸಾತ್ತ್ವಿಕವೆಂಬ ನಾಲ್ಕು ಅಭಿನಯಗಳಲ್ಲಿ ಆಹಾರ್ಯವೊಂದನ್ನು ಬಿಟ್ಟರೆ ಮಿಕ್ಕ ಮೂರನ್ನೂ ಆತನೇ ತುಂಬಿದನು. ಡ್ರಾಕುಲನಲ್ಲಿ ಬೀಭತ್ಸವು ಹಿಂದೆ ಸರಿದು ಭಯದೊಡನೆ ಒಂದು ಬಗೆಯ ಮೋಹಕತೆ ಸೇರಿದುದು ಆತನಿಂದಲೇ.

ಯೂನಿವರ್ಸಲ್ ಕಂಪನಿ ನಾಟಕವನ್ನು ಚಲಚ್ಚಿತ್ರವಾಗಿಸಲು ಹೊರಟಾಗ ಅವರ ಮನಸ್ಸಿನಲ್ಲಿದ್ದವನು ಲುಗೋಸಿಯಲ್ಲ. ಸಾವಿರ ಮುಖಗಳ ನಟನೆನಿಸಿದ್ದ ಲಾನ್ ಚಾನಿ ೧೯೩೦ರ ಆಗಸ್ಟ್ ತಿಂಗಳಿನಲ್ಲಿ ತೀರಿಕೊಂಡನು. ಅನಂತರವೂ ಹಲವು ಹೆಸರುಗಳು ಕೇಳಿಬಂದವು. ಲುಗೋಸಿ ಪಾತ್ರಕ್ಕಾಗಿ ಹಾತೊರೆದನು. ಹಾತೊರೆಯುವವನ ಬೆಲೆ ಕಡಿಮೆಯೆಂಬುದು ವ್ಯಾಪಾರಿಗಳಿಗೆ ತಿಳಿದ ವಿಷಯ. ವಾರಕ್ಕೆ ೫೦೦ ಡಾಲರಿನಂತೆ ಏಳು ವಾರಕ್ಕೆ ೩,೫೦೦ ಡಾಲರುಗಳಿಗೆ ಆತನು ಒಪ್ಪಿದನು. ಆ ಒಪ್ಪಂದದಲ್ಲಿ ಚಿತ್ರದ ಸಂಬಂಧವಾಗಿ ಆತನ ಅಭಿನಯ, ಭಂಗಿ, ರೂಪಗಳನ್ನು ಬಳಸಿಕೊಳ್ಳುವ ಹಕ್ಕನ್ನು ಕಂಪನಿಗೆ ಕೊಡುವ ಮಾತುಗಳಿದ್ದವು. ಟಾಡ್ ಬ್ರೌನಿಂಗ್ ನಿರ್ದೇಶಿಸಿದ ಚಿತ್ರ ೧೯೩೧ರ ಫೆಬ್ರವರಿಯಲ್ಲಿ ತೆರೆಕಂಡು ಕಂಪನಿಗೆ ಹೇರಳವಾದ ಹಣವನ್ನು ತಂದಿತು. ಈ ಚಿತ್ರವನ್ನು ಕಾಣದವರು ನಂಬಲಾರದ ಒಂದು ಸಂಗತಿ ಇದೆ: ಅದರಲ್ಲಿ ಡ್ರಾಕುಲನ ಕೋರೆಹಲ್ಲುಗಳು ಒಮ್ಮೆಯೂ ಕಾಣಿಸುವುದಿಲ್ಲ. ಲುಗೋಸಿಗೆ ಅವುಗಳ ಅಗತ್ಯವಿರಲಿಲ್ಲ. ಹಲ್ಲು ಬಂದದ್ದು ಅನುಕರಣ ಮಾಡಿದವರಿಂದ.

ಅದೇ ವರ್ಷ ಕಂಪನಿಯವರು ಫ್ರಾಂಕೆನ್‌ಸ್ಟೈನ್ ಚಿತ್ರಕ್ಕೂ ಮೊದಲು ಲುಗೋಸಿಯ ಹೆಸರನ್ನೇ ಸಾರಿದ್ದರು. ಮಾತಿಲ್ಲದ, ಮುಖವೆಲ್ಲ ಬಣ್ಣದಲ್ಲಿ ಮುಚ್ಚಿಹೋಗುವ ಆ ವಿಕೃತ ಜೀವಿಯ ಪಾತ್ರ ಆತನಿಗೆ ರುಚಿಸಲಿಲ್ಲ. ಅಷ್ಟರಲ್ಲಿ ನಿರ್ದೇಶಕನೂ ಬದಲಾದನು. ಹೊಸ ನಿರ್ದೇಶಕ ಜೇಮ್ಸ್ ವೇಲ್ ಆರಿಸಿದ್ದು ಬೋರಿಸ್ ಕಾರ್ಲಾಫ್ ಎಂಬ ಅಜ್ಞಾತ ನಟನನ್ನು. ಆತನ ನಿಜನಾಮ ವಿಲಿಯಂ ಹೆನ್ರಿ ಪ್ರಾಟ್. ತಂದೆ ಭಾರತದಲ್ಲಿ ಬ್ರಿಟಿಷ್ ಆಡಳಿತದ ಉಪ್ಪಿನ ಇಲಾಖೆಯಲ್ಲಿ ಅಧಿಕಾರಿಯಾಗಿದ್ದವನು. ಆ ಒಂದು ಪಾತ್ರದಿಂದ ಕಾರ್ಲಾಫ್ ಮೇಲೇರಿದನು. ಮುಂದೆ ಇಬ್ಬರೂ ಅನೇಕ ಚಿತ್ರಗಳಲ್ಲಿ ಜೊತೆಗೂಡಿದರು. ೧೯೩೪ರ ದಿ ಬ್ಲ್ಯಾಕ್ ಕ್ಯಾಟ್, ೧೯೩೫ರ ದಿ ರೇವನ್ ಅವುಗಳಲ್ಲಿ ಹೆಸರಾದವು. ಕಾರ್ಲಾಫನ ಹೆಸರು ಮುಂದೆ, ಲುಗೋಸಿಯದು ಹಿಂದೆ. ಕಾರ್ಲಾಫ್ ಆಂಗ್ಲನು, ನುಡಿಯ ಹಿಡಿತದಿಂದ ಬಗೆಬಗೆಯ ಪಾತ್ರಗಳಿಗೆ ಹೊಂದಬಲ್ಲವನು. ಲುಗೋಸಿಯ ನುಡಿ ಮಾತ್ರ ಎಲ್ಲಿ ಹೋದರೂ ಡ್ರಾಕುಲನ ನೆನಪನ್ನೇ ತರುತ್ತಿತ್ತು.

ಇಳಿಗಾಲ ಬೇಗನೆ ಬಂದಿತು. ಡ್ರಾಕುಲ ತೆರೆಕಂಡ ಮರುವರ್ಷವೇ, ೧೯೩೨ರಲ್ಲಿ, ಆತನು ದಿವಾಳಿಯೆಂದು ಅರ್ಜಿ ಹಾಕಬೇಕಾಯಿತು. ಕೈ ಬಿಚ್ಚಿ ಖರ್ಚು ಮಾಡುವ ಸ್ವಭಾವ ಆತನದು, ದೋಷವೆಲ್ಲ ಇತರರದೆನ್ನಲಾಗದು. ದಶಕದ ನಡುವಿನಲ್ಲಿ ಭೀಕರ ಚಿತ್ರಗಳ ತಯಾರಿಕೆಯೇ ನಿಂತಂತಾಗಿ, ಮನೆ ಕೈತಪ್ಪಿತು. ೧೯೩೮ರ ಜನವರಿಯಲ್ಲಿ ಮಗನು ಹುಟ್ಟಿದಾಗ ಕಲಾವಿದರ ನೆರವಿನ ನಿಧಿಯ ಸಹಾಯ ಬೇಕಾಯಿತು. ಅದೇ ವರ್ಷ ಬೆವರ್ಲಿ ಹಿಲ್ಸ್‌ನ ಚಿತ್ರಮಂದಿರವೊಂದು ಹಳೆಯ ಡ್ರಾಕುಲ ಮತ್ತು ಫ್ರಾಂಕೆನ್‌ಸ್ಟೈನ್ ಚಿತ್ರಗಳನ್ನು ಒಟ್ಟಿಗೆ ತೋರಿಸಿತು, ಜನ ಮುಗಿಬಿದ್ದರು. ಕಂಪನಿ ಅವನ್ನು ದೇಶದಾದ್ಯಂತ ಮತ್ತೆ ಬಿಡುಗಡೆ ಮಾಡಿ ಲಾಭ ಪಡೆಯಿತು. ಅದರಲ್ಲಿ ಒಂದು ಡಾಲರೂ ಡ್ರಾಕುಲನಿಗೆ ಸಲ್ಲಲಿಲ್ಲ. ಆದರೆ ಆ ಅಲೆಯಿಂದ ೧೯೩೯ರ ಸನ್ ಆಫ್ ಫ್ರಾಂಕೆನ್‌ಸ್ಟೈನ್ ಚಿತ್ರದ ಈಗೋರ್ ಪಾತ್ರ ದೊರೆಯಿತು. ನೇಣಿಗೇರಿಯೂ ಸಾಯದೆ ಕತ್ತು ಮುರಿದುಕೊಂಡು ಬದುಕಿದ ಆ ಮನುಷ್ಯನ ಪಾತ್ರದಲ್ಲಿ ಆತನು ತೋರಿದ ಅಭಿನಯವನ್ನು ಡ್ರಾಕುಲನಿಗಿಂತ ಮಿಗಿಲೆಂದು ನಾನು ಬಗೆಯುತ್ತೇನೆ. ಅಲ್ಲಿ ನಿಲುವಂಗಿಯಿಲ್ಲ, ಠೀವಿಯಿಲ್ಲ, ನಟನಿದ್ದಾನೆ.

೧೯೪೩ರಲ್ಲಿ, ಹಿಂದೆ ಬೇಡವೆಂದಿದ್ದ ಫ್ರಾಂಕೆನ್‌ಸ್ಟೈನನ ಜೀವಿಯ ಪಾತ್ರವನ್ನೇ ಆತನು ವಹಿಸಬೇಕಾಯಿತು. ಅದರಲ್ಲಿ ಆಡಿದ ಮಾತುಗಳನ್ನೆಲ್ಲ ಚಿತ್ರ ಹೊರಬರುವ ಮೊದಲು ಕತ್ತರಿಸಿ ತೆಗೆದರು. ೧೯೪೮ರಲ್ಲಿ ಅಬಟ್ ಮತ್ತು ಕಾಸ್ಟೆಲ್ಲೊ ಎಂಬ ವಿದೂಷಕ ಜೋಡಿಯ ಚಿತ್ರದಲ್ಲಿ ಮತ್ತೆ ಡ್ರಾಕುಲನಾದನು. ಚಲಚ್ಚಿತ್ರದಲ್ಲಿ ಆತನು ಡ್ರಾಕುಲನೆಂಬ ಹೆಸರಿನಿಂದಲೇ ಮುಖ್ಯಪಾತ್ರ ವಹಿಸಿದ್ದು ಇವೆರಡೇ ಸಲ: ಮೊದಲನೆಯದು ಭಯಕ್ಕಾಗಿ, ಎರಡನೆಯದು ನಗೆಗಾಗಿ. ಆಭಾಸದ ಕಡೆಗೆ ಹೆಜ್ಜೆ ಬಿದ್ದದ್ದು ಆತನು ಬದುಕಿದ್ದಾಗಲೇ. ಆದರೂ ಆ ಹಾಸ್ಯಚಿತ್ರದಲ್ಲಿ ಲುಗೋಸಿ ನಗುವುದಿಲ್ಲ, ನಗಿಸುವುದೂ ಇಲ್ಲ. ತನ್ನ ಪಾತ್ರವನ್ನು ಪೂರ್ಣ ಗಾಂಭೀರ್ಯದಿಂದ ನಿರ್ವಹಿಸುತ್ತಾನೆ. ಇದು ಸಾಮಾನ್ಯವಾದ ಕಲಾನಿಷ್ಠೆಯಲ್ಲ.

ಕಾಲಿನ ನರದ ನೋವಿಗೆಂದು ವೈದ್ಯರಿಂದ ಆರಂಭವಾದ ಮಾದಕ ಔಷಧ ಕೊನೆಗೆ ಚಟವಾಗಿ ಆತನನ್ನು ಹಿಡಿಯಿತು. ೧೯೫೩ರಲ್ಲಿ ನಾಲ್ಕನೆಯ ಹೆಂಡತಿಯೊಡನೆ ವಿಚ್ಛೇದನವಾಯಿತು. ೧೯೫೫ರಲ್ಲಿ, ಎಪ್ಪತ್ತೆರಡರ ವಯಸ್ಸಿನಲ್ಲಿ, ತಾನೇ ಅಧಿಕಾರಿಗಳ ಮುಂದೆ ಹೋಗಿ ಚಿಕಿತ್ಸೆ ಬೇಡಿ, ಕ್ಯಾಲಿಫೋರ್ನಿಯಾದ ನಾರ್ವಾಕ್‌ನಲ್ಲಿದ್ದ ಸರಕಾರಿ ಆಸ್ಪತ್ರೆಯನ್ನು ಸೇರಿದನು. ಚಟವನ್ನು ಮುಚ್ಚಿಡುವುದೇ ಚಿತ್ರಲೋಕದ ರೂಢಿಯಾಗಿದ್ದ ಆ ಕಾಲದಲ್ಲಿ ಹೀಗೆ ಬಹಿರಂಗವಾಗಿ ನಡೆದುಕೊಂಡುದಕ್ಕೆ ಧೈರ್ಯ ಬೇಕು. ಕೆಲವು ತಿಂಗಳಲ್ಲಿ ಗುಣಮುಖನಾಗಿ ಹೊರಬಂದು ಐದನೆಯ ಮದುವೆಯನ್ನೂ ಮಾಡಿಕೊಂಡನು. ಲುಗೋಸಿಯನ್ನು ಕೇವಲ ಕರುಣೆಯ ಕಣ್ಣಿನಿಂದ ನೋಡುವವರು ಈ ಸಂಗತಿಯನ್ನು ಮರೆಯಬಾರದು. ೧೯೫೬ರ ಆಗಸ್ಟ್ ೧೬ರಂದು ಲಾಸ್ ಏಂಜಲೀಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡಾಗ ಆತನಿಗೆ ೭೩ ವರ್ಷ. ಡ್ರಾಕುಲನ ನಿಲುವಂಗಿಯನ್ನು ಹೊದಿಸಿಯೇ ಆತನನ್ನು ಮಣ್ಣು ಮಾಡಿದರು. ಇದು ಆತನ ಕೊನೆಯ ಬಯಕೆಯೆಂದು ಕಥೆ ಹುಟ್ಟಿಕೊಂಡಿದೆ. ಹಾಗಲ್ಲ, ಮಗನೂ ಮಗನ ತಾಯಿಯೂ ಮಾಡಿದ ನಿರ್ಧಾರವದು.

ಸತ್ತ ಮೇಲೂ ವೇಷ ಆತನನ್ನು ಬಿಡಲಿಲ್ಲ. ಎಡ್ ವುಡ್ ಎಂಬ ನಿರ್ದೇಶಕನು ಲುಗೋಸಿಯನ್ನಿಟ್ಟು ತೆಗೆದಿದ್ದ ಕೆಲವೇ ನಿಮಿಷಗಳ ಚಿತ್ರವನ್ನು ಹೊಸ ಚಿತ್ರವೊಂದರಲ್ಲಿ ಸೇರಿಸಿ, ಮಿಕ್ಕ ಭಾಗಕ್ಕೆ ಬೇರೊಬ್ಬನನ್ನು ನಿಲ್ಲಿಸಿ, ಆತನು ನಿಲುವಂಗಿಯಿಂದ ಮುಖ ಮುಚ್ಚಿಕೊಂಡೇ ನಡೆಯುವಂತೆ ಮಾಡಿದನು. ೧೯೫೭ರಲ್ಲಿ ಯೂನಿವರ್ಸಲ್ಲಿನ ಹಳೆಯ ಭೀಕರ ಚಿತ್ರಗಳು, ಒಟ್ಟು ೫೨, ದೂರದರ್ಶನಕ್ಕೆ ಬಂದವು. ಮನೆಮನೆಯ ಮಕ್ಕಳಿಗೆ ಡ್ರಾಕುಲ ಮತ್ತು ಫ್ರಾಂಕೆನ್‌ಸ್ಟೈನರು ನೆಂಟರಾದರು. ಮುಖವಾಡಗಳು, ಆಟಿಕೆಗಳು ಮಾರುಕಟ್ಟೆಗೆ ಬಂದವು. ೧೯೬೦ರಿಂದ ಕಂಪನಿ ಡ್ರಾಕುಲನ ರೂಪವನ್ನು ಬಳಸಲು ವ್ಯಾಪಾರಿಗಳಿಗೆ ಪರವಾನಗಿ ಕೊಡುತ್ತ ಹಣ ಪಡೆಯಿತು. ಆ ರೂಪವೆಂದರೆ ಲುಗೋಸಿಯ ಮುಖ.

೧೯೭೧ರಲ್ಲಿ ಜನರಲ್ ಮಿಲ್ಸ್ ಕೌಂಟ್ ಚಾಕುಲಾ ಮತ್ತು ಸ್ಟ್ರಾಬೆರಿಯ ರುಚಿಯ ಫ್ರಾಂಕೆನ್ ಬೆರಿಗಳನ್ನು ಒಟ್ಟಿಗೆ ಹೊರತಂದಿತು. ದೂರದರ್ಶನದ ಜಾಹೀರಾತಿನಲ್ಲಿ ಒಬ್ಬನದು ಲುಗೋಸಿಯ ಧ್ವನಿಯ ಅಣಕ, ಮತ್ತೊಬ್ಬನದು ಕಾರ್ಲಾಫನದು. ಯಾರ ತಿನಿಸು ಹೆಚ್ಚೆಂದು ಇಬ್ಬರೂ ಜಗಳವಾಡಿ, ಕೊನೆಗೆ ಏನನ್ನೋ ಕಂಡು ತಾವೇ ಹೆದರಿ ಓಡುವರು. ಇಬ್ಬರು ನಟರ ಬಾಳಿನ ಪೈಪೋಟಿ ಹೀಗೆ ಉಪಾಹಾರದ ಪ್ರಹಸನವಾಯಿತು. ಮುಂದಿನ ಕೆಲವೇ ವರ್ಷಗಳಲ್ಲಿ ಬೂ ಬೆರಿ ಎಂಬ ಭೂತವೂ ಫ್ರೂಟ್ ಬ್ರೂಟ್ ಎಂಬ ತೋಳಮಾನವನೂ, ೧೯೮೦ರ ದಶಕದ ಕೊನೆಯಲ್ಲಿ ಒಂದು ಮಮ್ಮಿಯೂ ಬಂದು ಸೇರಿದುವು. ತೋಳವೂ ಮಮ್ಮಿಯೂ ಬಹುಕಾಲ ಬಾಳಲಿಲ್ಲ. ೨೦೧೦ರಿಂದ ಉಳಿದ ಮೂರನ್ನೂ ಕಂಪನಿ ಹಬ್ಬದ ಋತುವಿಗೆ ಮೀಸಲಿಟ್ಟಿತು. ವರ್ಷವೆಲ್ಲ ಸಿಗುವುದನ್ನು ಮರೆಯುವ ಜನ ಕೆಲವೇ ವಾರ ಸಿಗುವುದನ್ನು ಕಾದು ಕೊಳ್ಳುತ್ತಾರೆ. ೨೦೧೩ರಲ್ಲಿ ಐದೂ ಒಟ್ಟಿಗೆ ಬಂದವು. ೨೦೨೩ರಲ್ಲಿ ಕಾರ್ಮೆಲ್ಲಾ ಕ್ರೀಪರ್ ಎಂಬ ಹೊಸ ಪಾತ್ರ ಸೇರಿತು.

ಚಾಕುಲಾ ಮಾರುಕಟ್ಟೆಗೆ ಬಂದಾಗ ಲುಗೋಸಿಯ ಮಗನೂ ವಿಧವೆಯೂ ಯೂನಿವರ್ಸಲ್ ವಿರುದ್ಧ ಹೂಡಿದ್ದ ದಾವೆ ನಡೆಯುತ್ತಿತ್ತು. ಸತ್ತ ನಟನ ಮುಖ ಯಾರ ಸ್ವತ್ತು ಎಂಬುದೇ ಅಲ್ಲಿಯ ಪ್ರಶ್ನೆ. ೧೯೭೨ರಲ್ಲಿ ಕೆಳಗಿನ ನ್ಯಾಯಾಲಯ ಅದು ವಾರಸುದಾರರಿಗೆ ಸೇರಿದ್ದೆಂದಿತು. ೧೯೭೯ರಲ್ಲಿ ಕ್ಯಾಲಿಫೋರ್ನಿಯಾದ ಪರಮೋಚ್ಚ ನ್ಯಾಯಾಲಯ ಆ ತೀರ್ಪನ್ನು ತಿರುಗಿಸಿ, ತನ್ನ ಹೆಸರು ರೂಪಗಳಿಂದ ಲಾಭ ಪಡೆಯುವ ಹಕ್ಕು ನಟನು ಬದುಕಿರುವಾಗ ತಾನೇ ಚಲಾಯಿಸಬೇಕಾದದ್ದು, ಸತ್ತ ಮೇಲೆ ಮಕ್ಕಳಿಗೆ ಇಳಿಯದೆಂದು ನಿರ್ಣಯಿಸಿತು. ಮುಖ್ಯ ನ್ಯಾಯಾಧೀಶೆ ರೋಸ್ ಬರ್ಡ್ ಭಿನ್ನಮತ ಬರೆದಳು. ಸೋತ ದಾವೆ ವ್ಯರ್ಥವಾಗಲಿಲ್ಲ. ೧೯೮೫ರ ಜನವರಿಯಿಂದ ಜಾರಿಗೆ ಬಂದ ರಾಜ್ಯದ ಕಾನೂನು, ಪ್ರಸಿದ್ಧರ ಹೆಸರು ರೂಪಗಳ ಹಕ್ಕನ್ನು ಸಾವಿನ ಅನಂತರ ೫೦ ವರ್ಷ ವಾರಸುದಾರರಿಗೆ ಕೊಟ್ಟಿತು. ಮುಂದೆ ಆ ಅವಧಿ ೭೦ ವರ್ಷವಾಯಿತು. ೧೯೧೯ರಲ್ಲಿ ನಟರ ಹಕ್ಕಿಗಾಗಿ ಎದ್ದುನಿಂತು ದೇಶ ಕಳೆದುಕೊಂಡವನ ಹೆಸರಿನ ದಾವೆಯೇ ಇತರ ನಟರ ಸಂತತಿಗೆ ಹಕ್ಕು ತಂದ ದಾರಿಯಾಯಿತು.

೧೯೮೭ರಲ್ಲಿ ಕೌಂಟ್ ಚಾಕುಲಾ ಪೆಟ್ಟಿಗೆಯ ಮೇಲೆ ಬೊಂಬೆಯ ಜೊತೆಗೆ ೧೯೩೧ರ ಚಿತ್ರದ ಲುಗೋಸಿಯೇ ಕಾಣಿಸಿಕೊಂಡನು. ಆತನ ಕೊರಳಿನ ಪದಕ ಯೆಹೂದ್ಯರ ಆರು ಮೊನೆಯ ನಕ್ಷತ್ರದಂತೆ ತೋರಿದುದರಿಂದ ರಕ್ತ ಹೀರುವವನಿಗೆ ಆ ಪವಿತ್ರ ಚಿಹ್ನೆಯೇ ಎಂದು ಆಕ್ಷೇಪವೆದ್ದಿತು. ಕಂಪನಿ ಕ್ಷಮೆ ಬೇಡಿ ಮುಂದಿನ ಪೆಟ್ಟಿಗೆಗಳ ಚಿತ್ರವನ್ನು ತಿದ್ದಿತು. ಉಟ್ಟ ಒಡವೆಗೂ ಉತ್ತರ ಹೇಳಲು ನಟನು ಅಲ್ಲಿರಲಿಲ್ಲ. ೧೯೯೪ರ ಎಡ್ ವುಡ್ ಎಂಬ ಚಿತ್ರದಲ್ಲಿ ಲುಗೋಸಿಯ ಪಾತ್ರ ವಹಿಸಿದ ಮಾರ್ಟಿನ್ ಲ್ಯಾಂಡೌಗೆ ಆಸ್ಕರ್ ಪ್ರಶಸ್ತಿ ದೊರೆಯಿತು. ಲುಗೋಸಿಗೆ ಸಿಗದ ಗೌರವ ಲುಗೋಸಿಯಂತೆ ನಟಿಸಿದವನಿಗೆ ಸಂದಿತು. ೧೯೯೭ರಲ್ಲಿ ಅಮೆರಿಕದ ಅಂಚೆ ಇಲಾಖೆ ಡ್ರಾಕುಲ ವೇಷದ ಆತನ ಚಿತ್ರವನ್ನು ಅಂಚೆಚೀಟಿಯಾಗಿ ಅಚ್ಚುಮಾಡಿತು.

ಮಕ್ಕಳು ಡ್ರಾಕುಲನನ್ನು ಕಂಡು ನಗುವುದರಲ್ಲಿ ದೋಷವಿಲ್ಲ. ಭಯವನ್ನು ಆಟವಾಗಿಸಿಕೊಂಡು ಗೆಲ್ಲುವುದು ಮಕ್ಕಳ ಸಹಜ ಧರ್ಮ; ಲುಗೋಸಿಯೂ ಅದಕ್ಕೆ ಮುನಿಯುತ್ತಿದ್ದನೆಂದು ನನಗೆ ತೋರುವುದಿಲ್ಲ. ನೋಯಿಸುವುದು ಬೇರೆ ವಿಷಯ. ಒಬ್ಬ ನಟನು ತನ್ನ ದೇಹ, ಕಂಠ, ಕಣ್ಣುಗಳನ್ನು ತೆತ್ತು ಒಂದು ಪಾತ್ರಕ್ಕೆ ಪ್ರಾಣ ಕೊಡುತ್ತಾನೆ. ಪಾತ್ರ ಚಿರಂಜೀವಿಯಾಗುತ್ತದೆ, ಅದರ ಲಾಭ ಕಂಪನಿಗಳಿಗೆ ಹೋಗುತ್ತದೆ, ನಟನು ಮನೆಯ ಸಾಲ ತೀರಿಸಲಾರದೆ ಹೋಗುತ್ತಾನೆ. ಪಾತ್ರವನ್ನು ಬರೆದವನಿಗೆ ಹಕ್ಕುಂಟು, ಅಚ್ಚು ಮಾಡಿದವನಿಗೆ ಹಕ್ಕುಂಟು. ಅದಕ್ಕೆ ಮುಖ ಕೊಟ್ಟವನಿಗೂ ಒಂದು ಪಾಲು ಸಲ್ಲಬೇಕೆಂಬ ಮಾತನ್ನು ಕಾನೂನು ಒಪ್ಪಿದ್ದು ಆತನು ಸತ್ತ ಇಪ್ಪತ್ತೆಂಟು ವರ್ಷಗಳ ಮೇಲೆ. ಶರತ್ಕಾಲ ಬಂದಾಗಲೆಲ್ಲ ಅಮೆರಿಕದ ಅಂಗಡಿಗಳಿಗೆ ಆ ಕಂದು ಪೆಟ್ಟಿಗೆ ಹಿಂದಿರುಗುತ್ತದೆ. ಅದನ್ನು ಕೊಳ್ಳುವ ತಾಯಿತಂದೆಗಳಲ್ಲಿ ಯಾರಾದರೊಬ್ಬರು, ಆ ಹಲ್ಲುಬ್ಬಿನ ಬೊಂಬೆಯ ಹಿಂದೆ ಲುಗೋಸ್ ಎಂಬ ಊರಿನಿಂದ ಹೊರಟ ಒಬ್ಬ ರೋಮಿಯೋ ಇದ್ದನೆಂದು ಮಕ್ಕಳಿಗೆ ಹೇಳಿದರೆ, ಆ ನಟನಿಗೆ ಸಲ್ಲಬೇಕಾದುದರಲ್ಲಿ ಸ್ವಲ್ಪವಾದರೂ ಸಂದಂತಾಗುತ್ತದೆ.